ಕೋಳಿಯ ಕಾಲಿನಲ್ಲೊಂದು ನರದ ಕ್ಯಾನ್ಸರ್

ಎಳೆಯ ಕೋಳಿಯೊಂದು ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದಿದ್ದರೆ ಮೊಟ್ಟೆ ಫಾರಂನವರು ಮೊದಲು ಕೇಳುವ ಪ್ರಶ್ನೆ: ಮರಿಗೆ ಮ್ಯಾರೆಕ್ಸ್ ಲಸಿಕೆ ಆಗಿತ್ತೇ? ದಿನದ ಮೊಟ್ಟೆ ದರ ಪ್ರಕಟವಾಗುವ ಊರುಗಳ ಪಟ್ಟಿಯಲ್ಲಿ ಹೊಸಪೇಟೆಯ ಹೆಸರೂ ಇದೆ. ಪಕ್ಕದ ಕೊಪ್ಪಳ ಸೀಮೆಗೆ ಹಾಗಾಗಿ ಈ ಪ್ರಶ್ನೆ ಹೊಸದಲ್ಲ. ಆದರೆ ಮ್ಯಾರೆಕ್ಸ್‌ನದು ಕ್ಯಾನ್ಸರ್ ಲಸಿಕೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಅಂಥ ಕೋಳಿ ಸತ್ತ ಮೇಲೆ ಕೊಯ್ದು, ತೊಡೆಯ ಒಳಬದಿಯ ಸ್ನಾಯು ಸರಿಸಿದರೆ ಸಯಾಟಿಕ್ ನರ ಸಿಗುತ್ತದೆ. ಆರೋಗ್ಯವಾಗಿದ್ದರೆ ಅದು ಬೆಳ್ಳಗೆ ಹೊಳೆಯುತ್ತದೆ, ಮೇಲೆ ಸಣ್ಣ ಅಡ್ಡಗೆರೆಗಳು ಕಾಣುತ್ತವೆ. ರೋಗವಿದ್ದರೆ ಗೆರೆಗಳು ಮಾಸಿ, ಬಣ್ಣ ಬೂದು ಹಳದಿಗೆ ತಿರುಗಿ, ನರ ಎರಡು ಮೂರು ಪಟ್ಟು ದಪ್ಪಗಾಗಿರುತ್ತದೆ. ಹೆಚ್ಚಾಗಿ ಊದುವುದು ಒಂದೇ ಕಡೆಯದು. ಎರಡು ಕಾಲಿನ ನರಗಳನ್ನೂ ಹೋಲಿಸಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಒಳಗೆ ತುಂಬಿಕೊಂಡಿರುವುದು ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳು. ಇವು ಲಂಗುಲಗಾಮಿಲ್ಲದೆ ಬೆಳೆಯುವ ಕ್ಯಾನ್ಸರ್ರೇ ಲಿಂಫೋಮಾ.

ಈ ರೋಗಕ್ಕೆ ಹೆಸರು ಕೊಟ್ಟ ಹಂಗೆರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ನಾಲ್ಕು ಹುಂಜಗಳ ಪಾರ್ಶ್ವವಾಯುವನ್ನು ವರ್ಣಿಸಿದ. ಅದರ ಹಿಂದೆ ಹರ್ಪಿಸ್ ಜಾತಿಯ ವೈರಸ್ ಇದೆ ಎಂದು ತಿಳಿದದ್ದು 1967ರಲ್ಲಿ. ಗರಿಗಳ ಬುಡದಿಂದ ಉದುರುವ ಹೊಟ್ಟಿನಲ್ಲಿ ವೈರಸ್ ಶೆಡ್ಡಿನ ಧೂಳಿಗೆ ಸೇರಿ, ಉಸಿರಿನ ಮೂಲಕ ಇನ್ನೊಂದು ಕೋಳಿಯ ಒಳಹೊಗುತ್ತದೆ. ವೈರಸ್ ಪತ್ತೆಯಾದ ಎರಡು ಮೂರು ವರ್ಷಗಳಲ್ಲೇ ಲಸಿಕೆ ಬಂತು. ಕ್ಯಾನ್ಸರನ್ನು ತಡೆದ ಮೊದಲ ಲಸಿಕೆಯ ಗೌರವ ಹೀಗೆ ಕೋಳಿಗಳ ಪಾಲಾಯಿತು! ಈಗ ಹ್ಯಾಚರಿಯಲ್ಲೇ ಮೊಟ್ಟೆಯೊಡೆದ ದಿನವೇ ಮರಿಯ ಕುತ್ತಿಗೆಯ ಚರ್ಮದಡಿ ಚುಚ್ಚುತ್ತಾರೆ. ನಲವತ್ತು ದಿನಕ್ಕೇ ಮಾರಾಟವಾಗುವ ಬ್ರಾಯ್ಲರ್‌ನಲ್ಲಿ ಕಾಲು ಬೀಳುವಷ್ಟು ರೋಗ ಬೆಳೆಯಲು ಹೆಚ್ಚಾಗಿ ಸಮಯವಿರುವುದಿಲ್ಲ. ಮೊಟ್ಟೆ ಕೋಳಿಗಾದರೆ ಒಂದು ವರ್ಷಕ್ಕೂ ಮೀರಿದ ಬಾಳು. ಕುಷ್ಟಗಿ, ಯಲಬುರ್ಗಾದ ಹಿತ್ತಲಿನಲ್ಲಿ ಹೇಂಟೆಯೇ ಕಾವು ಕೊಟ್ಟು ಮಾಡಿದ ಜವಾರಿ ಮರಿಗಳು ಹ್ಯಾಚರಿಯ ಸೂಜಿ ಕಾಣುವುದಿಲ್ಲ. ಅಲ್ಲಿ ಕಾಲು ಬಿದ್ದರೆ ಕೊಕ್ಕರೆ ರೋಗದ ಲೆಕ್ಕಕ್ಕೆ ಹಾಕಿ ಮುಗಿಸಿಬಿಡುವುದು ಸುಲಭ, ಏಕೆಂದರೆ ಅದರಲ್ಲೂ ಪಾರ್ಶ್ವವಾಯು ಬರುತ್ತದೆ. ಲಸಿಕೆ ಗಡ್ಡೆಯನ್ನು ತಡೆಯುತ್ತದೆಯೇ ಹೊರತು ಸೋಂಕನ್ನಲ್ಲ. ಹಾಕಿಸಿಕೊಂಡ ಕೋಳಿಯೂ ವೈರಸ್ ಉದುರಿಸುತ್ತಲೇ ಇರುತ್ತದೆ. ಈ ವೈರಸ್‌ನಿಂದ ಮನುಷ್ಯರಿಗೆ ಕಾಯಿಲೆ ಬರುವುದಿಲ್ಲ, ಮೊಟ್ಟೆ ತಿನ್ನುವವರು ಹೆದರಬೇಕಿಲ್ಲ.

ಮನುಷ್ಯರಲ್ಲೂ ಲಿಂಫೋಮಾ ನರಕ್ಕೆ ಇಳಿಯುವುದುಂಟು, ಆದರೆ ತೀರಾ ಅಪರೂಪ. ಹೆಸರು ನ್ಯೂರೋಲಿಂಫೊಮಟೋಸಿಸ್. ಲಿಂಫೋಸೈಟ್‌ಗಳ ಪೈಕಿ ಕೋಳಿಯಲ್ಲಿ ಕೆಡುವುದು ಟಿ ಕಣ, ನಮ್ಮಲ್ಲಿ ಹೆಚ್ಚಾಗಿ ಬಿ ಕಣ. ಒಂದು ಕಾಲಿನಲ್ಲಿ ನಿದ್ದೆಗೆಡಿಸುವ ಉರಿನೋವು, ವಾರಗಳಲ್ಲೇ ಪಾದ ಎತ್ತಲಾಗದ ಸ್ಥಿತಿ, ಕೆಲವೊಮ್ಮೆ ಮುಖದ ಒಂದು ಬದಿ ಜೋತುಬೀಳುವುದು ಇದರ ಲಕ್ಷಣಗಳು. ಪಾದ ಉರಿದರೆ ನಮ್ಮಲ್ಲಿ ಶುಗರ್ ನೆನಪಾಗುತ್ತದೆ, ಸೊಂಟದಿಂದ ಕಾಲಿಗೆ ಎಳೆದರೆ ಡಿಸ್ಕ್, ನರ ದಪ್ಪಗಾಗಿದ್ದರೆ ಕುಷ್ಠ. ಈ ಊಹೆಗಳೇ ಬಹುಪಾಲು ಸರಿಯಾಗಿರುತ್ತವೆ, ಅಪರೂಪದ ರೋಗಿಗೆ ತೊಂದರೆಯಾಗುವುದೂ ಅದರಿಂದಲೇ. ಹಿಂದೆಂದೋ ಲಿಂಫೋಮಾಕ್ಕೆ ಚಿಕಿತ್ಸೆ ಪಡೆದವರಲ್ಲಿ ಅದು ಮರುಕಳಿಸಿದ ಮೊದಲ ಸುಳಿವು ಇಂಥ ನರನೋವೇ ಆಗಿರಬಹುದು. ಗಂಗಾವತಿಯ ಕ್ಲಿನಿಕ್ಕಿಗೆ ಹೋಗುವಾಗಲೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹಳೆಯ ಫೈಲು ಕೈಯಲ್ಲಿರಬೇಕು ಎನ್ನುವುದು ಇದಕ್ಕೇ.

ಪತ್ತೆಗೆ ಈಗ ಪೆಟ್ ಸ್ಕ್ಯಾನ್ ದೊಡ್ಡ ಆಸರೆ. ವಿಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟರೆ ಹಸಿದ ಕ್ಯಾನ್ಸರ್ ಕಣಗಳು ಅದನ್ನು ಹೀರುತ್ತವೆ, ರೋಗ ಹಿಡಿದ ನರ ಬೆನ್ನುಹುರಿಯ ಬುಡದಿಂದ ಕಾಲಿನವರೆಗೆ ಚಿತ್ರದಲ್ಲಿ ಹೊಳೆಯುತ್ತದೆ. ಆಮೇಲೆ ಆ ಜಾಗದಿಂದಲೇ ಚೂರು ತೆಗೆದು ಬಯಾಪ್ಸಿ ಮಾಡಬಹುದು. ಚಿಕಿತ್ಸೆಯಲ್ಲಿ ಮುಖ್ಯವಾದದ್ದು ರಕ್ತನಾಳಕ್ಕೆ ಕೊಡುವ ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್. ಪ್ರಮಾಣ ಹೆಚ್ಚೇಕೆಂದರೆ, ನರಕ್ಕೆ ತನ್ನದೇ ತಡೆಗೋಡೆಯಿದ್ದು ಹಲವು ಔಷಧಗಳನ್ನು ಅದು ಒಳಬಿಡುವುದಿಲ್ಲ. ಸ್ಟೆರಾಯ್ಡ್ ಕೊಟ್ಟರೆ ನೋವು ಬೇಗ ಇಳಿಯುತ್ತದೆ, ರೋಗಿ ಖುಷಿಯಿಂದ ಮನೆಗೂ ಹೋಗುತ್ತಾನೆ. ಆದರೆ ಅದು ಲಿಂಫೋಮಾ ಕಣಗಳನ್ನು ತಾತ್ಕಾಲಿಕವಾಗಿ ಕರಗಿಸುವುದರಿಂದ ಆಮೇಲೆ ತೆಗೆದ ಚೂರಿನಲ್ಲಿ ಏನೂ ಸಿಗದೆ ಹೋಗಬಹುದು. ಲಿಂಫೋಮಾದ ಅನುಮಾನವಿದ್ದಾಗ ಸಾಧ್ಯವಾದಷ್ಟೂ ಬಯಾಪ್ಸಿ ಮೊದಲು, ಸ್ಟೆರಾಯ್ಡ್ ಆಮೇಲೆ.