ಹುಳ ತಿಂದ ಎಲೆಯ ಚಿತ್ರ

ಜನವರಿಯಲ್ಲಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಾಗ ಹೂಗಳ ಮುಂದೆ ಕೈಗಳೆಲ್ಲ ಮೇಲೆತ್ತಿರುತ್ತವೆ, ಕೈಗೊಂದು ಮೊಬೈಲು. ಅಲ್ಲಿ ತೆಗೆದ ಚಿತ್ರಗಳು ಚೆನ್ನಾಗಿಯೇ ಬರುತ್ತವೆ. ಬಣ್ಣ, ಜೋಡಣೆ, ಹಿನ್ನೆಲೆ ಎಲ್ಲವನ್ನೂ ತೋಟಗಾರರು ಮೊದಲೇ ಹೊಂದಿಸಿಟ್ಟಿರುವುದರಿಂದ ಕೆಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಹೂವಿನ ಚಿತ್ರ ತೆಗೆಯುವ ಹವ್ಯಾಸಕ್ಕೆ ನಿಜವಾದ ರುಚಿ ಹತ್ತುವುದು ಮಾತ್ರ ಮನೆಯ ಹಿತ್ತಲಲ್ಲಿ, ಅದಿಲ್ಲದವರಿಗೆ ತಾರಸಿಯ ಮೇಲಿನ ನಾಲ್ಕು ಕುಂಡಗಳಲ್ಲಿ. ಅದೇ ಗಿಡವನ್ನು ದಿನವೂ ನೋಡುವವರು ಬಹಳ ಕಾಲ ಹೂವಿಗೇ ಅಂಟಿಕೊಂಡಿರುವುದಿಲ್ಲ. ಕ್ಯಾಮೆರಾ ತಾನಾಗಿ ಎಲೆಯ ಕಡೆಗೆ, ಎಲೆಯ ಅಡಿಗೆ, ಅಲ್ಲಿ ಕೂತಿರುವ ಹುಳದ ಕಡೆಗೆ ಇಳಿಯುತ್ತದೆ. ಈ ಹವ್ಯಾಸದ ಸುಖವಿರುವುದು ಚೆಂದದ ಚಿತ್ರಗಳನ್ನು ಕೂಡಿಡುವುದರಲ್ಲಲ್ಲ, ಯಾವುದು ಯಾವಾಗ ಬರುತ್ತದೆ, ಬಂದು ಏನು ಮಾಡುತ್ತದೆ ಎಂದು ತಿಳಿಯುತ್ತ ಹೋಗುವುದರಲ್ಲಿ. ಆ ತಿಳಿವಳಿಕೆ ಇಲ್ಲದೆ ಒಳ್ಳೆಯ ಚಿತ್ರವೂ ಸಿಗುವುದಿಲ್ಲ.

ತಂತ್ರದ ಮಾತನ್ನು ಬೇಗ ಮುಗಿಸಿಬಿಡೋಣ. ವಸ್ತುವಿನ ನಿಜಗಾತ್ರದಷ್ಟೇ ದೊಡ್ಡ ಬಿಂಬವನ್ನು ಸೆನ್ಸರಿನ ಮೇಲೆ ಮೂಡಿಸಬಲ್ಲದ್ದು ಮ್ಯಾಕ್ರೊ ಲೆನ್ಸ್. ಅಷ್ಟು ಹತ್ತಿರ ಹೋದರೆ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್ 11ರಷ್ಟು ಕಿರಿದಾಗಿ ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದೂವರೆ ಮಿಲಿಮೀಟರಿನಷ್ಟೂ ಇರುವುದಿಲ್ಲ. ಜೇಡದ ಕಣ್ಣಿಗೆ ಫೋಕಸ್ ಮಾಡಿದರೆ ಅದರ ಹಿಂಗಾಲು ಮಸುಕು. ಅಪರ್ಚರನ್ನು ಇನ್ನೂ ಕಿರಿದು ಮಾಡಿದರೆ ಆಳವೇನೋ ಹೆಚ್ಚುತ್ತದೆ, ಆದರೆ ಒಂದು ಹಂತದ ನಂತರ ಇಡೀ ಚಿತ್ರವೇ ಮೊನಚು ಕಳೆದುಕೊಳ್ಳುತ್ತದೆ. ಹಾಗಾಗಿಯೇ ಬಲ್ಲವರು ಚಿಟ್ಟೆಯ ರೆಕ್ಕೆಗೆ ಸರಿಸಮಾಂತರವಾಗಿ ಕ್ಯಾಮೆರಾ ಹಿಡಿಯುತ್ತಾರೆ. ಇರುವ ಅಷ್ಟೇ ಆಳದಲ್ಲಿ ರೆಕ್ಕೆ ಪೂರ್ತಿ ಕೂತುಬಿಡುತ್ತದೆ. ಇದೆಲ್ಲ ದುಡ್ಡಿದ್ದವರ ಆಟ ಎಂಬ ಆಕ್ಷೇಪಕ್ಕೆ ಈಗ ಮೊದಲಿನಷ್ಟು ತೂಕವಿಲ್ಲ. ಮೊಬೈಲಿನ ಸೆನ್ಸರ್ ಪುಟ್ಟದಾದ್ದರಿಂದ ಫೋಕಸಿನ ಆಳ ಅದರಲ್ಲಿ ಸಹಜವಾಗಿಯೇ ಹೆಚ್ಚು. ಅದರ ಮುಂದೆ ಸಿಕ್ಕಿಸುವ ಸಣ್ಣ ಕ್ಲಿಪ್ ಲೆನ್ಸ್ ಕಲಿಯುವವರಿಗೆ ಧಾರಾಳ ಸಾಕು. ಎಷ್ಟು ದುಡ್ಡು ಸುರಿದರೂ ಸಿಗದಿರುವುದು ಹುಳ ಅಲುಗದೆ ಕೂರುವ ಗಳಿಗೆ.

ಆ ಗಳಿಗೆ ಬೆಳಗಿನ ಜಾವದ್ದು. ಬಿಸಿಲು ಬಿದ್ದು ಮೈ ಕಾಯುವ ತನಕ ಬಹುತೇಕ ಕೀಟಗಳು ಚುರುಕಾಗುವುದಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಬ್ಲೂ ಬ್ಯಾಂಡೆಡ್ ಬೀ ಎಂಬ ಜೇನ್ನೊಣವನ್ನೇ ನೋಡಿ. ಹಗಲಲ್ಲಿ ಅದರ ಚಿತ್ರ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ, ಅಷ್ಟು ಚಂಚಲ. ಆದರೆ ಇದರ ಗಂಡುಗಳು ರಾತ್ರಿ ಒಣಗಿದ ಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ಜೋತುಬಿದ್ದು ಮಲಗುತ್ತವೆ. ಹೊತ್ತು ಮೂಡುವ ಮೊದಲು ಹೋದರೆ ಮೈಮೇಲೆ ಇಬ್ಬನಿ ಹೊತ್ತು ಅಲ್ಲೇ ಇರುತ್ತವೆ. ಇದೇ ಜಾತಿಯ ಹೆಣ್ಣು ಬದನೆ, ಟೊಮೆಟೊ ಹೂವಿಗೆ ಬಂದಾಗ ಮಾಡುವ ಕೆಲಸ ಇನ್ನೂ ಸೊಗಸು. ಬದನೆ ಹೂವಿನ ಪರಾಗಕೋಶ ತುದಿಯ ಸಣ್ಣ ರಂಧ್ರದಲ್ಲಷ್ಟೇ ತೆರೆದಿರುತ್ತದೆ. ಈ ನೊಣ ಅದನ್ನು ತಬ್ಬಿ ಹಿಡಿದು ಮೈಯನ್ನು ಗುಂಯ್ ಎಂದು ನಡುಗಿಸಿದರೆ ಪುಡಿ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಬಾರದು. ಈ ಸದ್ದು ಕಿವಿಗೆ ಬಿದ್ದವರು ಮುಂದಿನ ಸಲ ಬದನೆ ಗಿಡದ ಮುಂದೆ ಮೊದಲೇ ಫೋಕಸ್ ಮಾಡಿಟ್ಟು ಕಾಯುತ್ತಾರೆ.

ತಿಳಿವಳಿಕೆಯಿಂದಲೇ ಚಿತ್ರ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಕರಿಬೇವಿನ ಗಿಡ. ಒಗ್ಗರಣೆಗೆಂದು ಬೆಳೆಸಿದ ಗಿಡದ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದೇನೋ ಬಿದ್ದಿದೆ ಎಂದು ಕೊಡವಲು ಹೋದರೆ ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳ. ಬೆಳೆದ ಮೇಲೆ ಹಚ್ಚಹಸಿರಾಗಿ ಎಲೆಯಲ್ಲೇ ಕರಗಿಹೋಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂಥ ಅಂಗವನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಅದರಿಂದ ಹೊರಬರುವ ಹೆಣ್ಣು ಚಿಟ್ಟೆಯದು ಇನ್ನೊಂದು ಕಥೆ. ಈಶ್ವರಿ ಬಳ್ಳಿ ತಿಂದು ಬೆಳೆದು ಮೈತುಂಬ ವಿಷ ತುಂಬಿಕೊಂಡಿರುವ ಕಾಮನ್ ರೋಸ್ ಚಿಟ್ಟೆಯನ್ನು ಹಕ್ಕಿಗಳು ಮುಟ್ಟುವುದಿಲ್ಲ. ಮಾರ್ಮನ್ ಹೆಣ್ಣುಗಳಲ್ಲಿ ಒಂದು ಬಗೆ ಅದರ ವೇಷವನ್ನೇ ಹಾಕಿಕೊಂಡು ಓಡಾಡುತ್ತದೆ. ರೆಕ್ಕೆಯ ಬಿಳಿ ಮಚ್ಚೆ, ಅಂಚಿನ ಕೆಂಪು, ಹಿಂದಿನ ಬಾಲ ಎಲ್ಲ ಅದರಂತೆಯೇ. ಹಾರುವಾಗ ಹಕ್ಕಿಯಂತೆ ನಾವೂ ಮೋಸಹೋಗುತ್ತೇವೆ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ: ರೋಸ್ ಚಿಟ್ಟೆಯ ಒಡಲು ಕೆಂಪು, ಮಾರ್ಮನ್ ಒಡಲು ಕಪ್ಪು. ಕ್ಯಾಮೆರಾ ಕಣ್ಣನ್ನು ಮಂಕು ಮಾಡುತ್ತದೆ, ಬರಿಗಣ್ಣಿನಿಂದ ನೋಡುವುದೇ ಮೇಲು ಎನ್ನುವವರಿಗೆ ನನ್ನ ಉತ್ತರ ಈ ಕಪ್ಪು ಒಡಲು. ಜಾತ್ರೆಯಲ್ಲಿ ಸೆಲ್ಫಿ ತೆಗೆಯುವವರ ಮಟ್ಟಿಗೆ ಅವರ ದೂರು ನಿಜ. ಹಿತ್ತಲಲ್ಲಿ ಹಾಗಲ್ಲ, ಚಿತ್ರ ಬರಬೇಕಾದರೆ ಮೊದಲು ಚೆನ್ನಾಗಿ ನೋಡಿರಬೇಕು, ತೆಗೆದ ಮೇಲೆ ಮತ್ತೆ ನೋಡಬೇಕು. ಎಲೆಗೆ ಔಷಧಿ ಹೊಡೆಯುವ ಕೈ ತಡೆಯುವುದೂ ಆಗಲೇ. ತೂತಿಲ್ಲದ ಕರಿಬೇವು ಬೇಕು, ಚಿಟ್ಟೆಯೂ ಬೇಕು ಎಂದರೆ ಆಗುವ ಮಾತಲ್ಲ. ಹೂವಿನ ಆಯ್ಕೆಯೂ ಬದಲಾಗುತ್ತದೆ. ಸುತ್ತುಸುತ್ತಾಗಿ ದಳ ತುಂಬಿದ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿಬಿಟ್ಟಿರುವುದರಿಂದ ಹುಳಗಳಿಗೆ ಅಲ್ಲಿ ಹೆಚ್ಚು ಗಿಟ್ಟುವುದಿಲ್ಲ. ಐದೇ ದಳದ ಹಳೆಯ ಕೆಂಪು ದಾಸವಾಳಕ್ಕೆ ಸೂರಕ್ಕಿ ಬಂದೇ ಬರುತ್ತದೆ.

ಕೈತೋಟ ನಿಸರ್ಗವೇ ಅಲ್ಲ ಎಂಬ ಆಕ್ಷೇಪ ಸ್ವಲ್ಪ ಗಟ್ಟಿಯಾದದ್ದು. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಸೇರಿ ರೂಪಿಸಿರುವ ವ್ಯಾಖ್ಯೆಯ ಪ್ರಕಾರ ಮನುಷ್ಯ ಬೆಳೆಸಿದ ಗಿಡಗಳ, ಸಂಕರ ತಳಿಗಳ ಚಿತ್ರ ಸ್ಪರ್ಧೆಯ ನಿಸರ್ಗ ವಿಭಾಗಕ್ಕೆ ಸಲ್ಲುವುದಿಲ್ಲ. ಸ್ಪರ್ಧೆಗೆ ಗೆರೆ ಬೇಕು, ಒಪ್ಪೋಣ. ಆದರೆ ಮಾರ್ಮನ್ ಚಿಟ್ಟೆ ಆ ಗೆರೆ ನೋಡಿ ಮೊಟ್ಟೆ ಇಡುವುದಿಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರಿಂದ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಹೆಸರು ಬಂತು, ಜೊತೆಗೆ ಈ ಕಲೆ ಎಂದರೆ ಕಾಡು, ಜೀಪು, ಹುಲಿ ಎಂಬ ಕಲ್ಪನೆಯೂ ಬೆಳೆಯಿತು. ಮೂಡಿಗೆರೆಯ ತಮ್ಮ ಕಾಫಿ ತೋಟದಲ್ಲೇ ಇದ್ದುಕೊಂಡು ಹಕ್ಕಿಗಳ ಬೆನ್ನುಬಿದ್ದ ಪೂರ್ಣಚಂದ್ರ ತೇಜಸ್ವಿ ಅವರ ದಾರಿ ಹಿತ್ತಲಿನವರಿಗೆ ಹೆಚ್ಚು ಹತ್ತಿರ.

ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ಆಕ್ಷೇಪ ಬೇರೆಯೇ ಇದೆ. ಚಿತ್ರದ ಹುಚ್ಚು ಹೆಚ್ಚಾದರೆ ಹುಳಹುಪ್ಪಟೆಗಳಿಗೆ ಉಳಿಗಾಲವಿಲ್ಲ. ಅಲುಗಾಡದಿರಲೆಂದು ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಆಮೇಲೆ ಹೂವಿನ ಮೇಲೆ ಕೂರಿಸಿ ತೆಗೆಯುವವರಿದ್ದಾರೆ. ಅಂಥ ಚಿತ್ರದಲ್ಲಿ ಕಾಲುಗಳ ಭಂಗಿ ನೋಡಿಯೇ ಪಳಗಿದವರು ಅನುಮಾನಿಸುತ್ತಾರೆ. ಗೂಡಿನ ವಿಷಯ ಇದಕ್ಕಿಂತ ಸೂಕ್ಷ್ಮ. ಸೂರಕ್ಕಿ ಜೇಡರ ಬಲೆ, ನಾರು, ತೊಗಟೆಯ ಚೂರು ಸೇರಿಸಿ ಮನೆಯ ಪಕ್ಕದ ಕೊಂಬೆಯ ತುದಿಗೇ ಗೂಡು ತೂಗುಹಾಕುತ್ತದೆ. ದೂರಕ್ಕೆ ಅದೊಂದು ಕಸದ ಮುದ್ದೆ, ಅದೇ ಅದರ ರಕ್ಷಣೆ. ಒಳಗಿನ ಮರಿ ಕಾಣಲೆಂದು ಅಡ್ಡದ ಎಲೆ ನಾಲ್ಕು ಸವರಿದರೆ ಸಾಕು, ಬಿಸಿಲೂ ಕಾಗೆಯೂ ಒಟ್ಟಿಗೇ ಒಳಗೆ ಬರುತ್ತವೆ. ಉದ್ದ ಲೆನ್ಸುಗಳು ಅಪರೂಪವಾಗಿದ್ದ ಫಿಲ್ಮ್ ಕಾಲದಲ್ಲಿ ಪಕ್ಷಿಚಿತ್ರವೆಂದರೆ ಬಹುಮಟ್ಟಿಗೆ ಗೂಡಿನ ಬಳಿ ಮರೆ ಕಟ್ಟಿಕೊಂಡು ಕೂರುವುದೇ ಆಗಿತ್ತು. ಈಗ ಆ ಅನಿವಾರ್ಯವಿಲ್ಲ. ತಾಯಿಹಕ್ಕಿ ದಾಸವಾಳಕ್ಕೆ ದಿನಕ್ಕೆ ಹತ್ತಾರು ಸಲ ಬರುತ್ತದೆ. ಕ್ಯಾಮೆರಾವನ್ನು ಆ ಕಡೆಗೆ ತಿರುಗಿಸಿಟ್ಟರಾಯಿತು.