ಹಳೇ ಲಾರಿ ಎಂಜಿನ್: ಕಟ್ಟಿಸುವುದೋ, ಬದಲಿಸುವುದೋ?

"ಮಾಲಕ್ರ, ಇಂಜಿನ್ ಹೋಗೇತ್ರಿ, ಬ್ಯಾರೇದ ಹಾಕ್ಸೂದ ಚೊಲೋ" ಎಂದು ಮಿಸ್ತ್ರಿ ಹೇಳಿದ ಕೂಡಲೇ ನಾವು ಕೇಳುವುದು ಖರ್ಚೆಷ್ಟು ಎಂದು. ಯಾಕೆ ಹೋಯಿತು ಎಂದು ಕೇಳುವವರು ಕಡಿಮೆ. ಆ ಕಾರಣ ಪತ್ತೆಯಾಗದೆ ಹಾಕಿಸಿದ ಹೊಸ ಎಂಜಿನ್ನೂ ಹಳೆಯದರ ಕಾಯಿಲೆಯಿಂದಲೇ ಮಲಗುತ್ತದೆ.

ಖಾನಾಪುರ ತಾಲ್ಲೂಕಿನ ಇಟ್ಟಿಗೆ ಭಟ್ಟಿಗಳಿಂದ ಲೋಡು ಎತ್ತುವ ಗಾಡಿಗಳನ್ನು ನೋಡಿ. ಬೇಸಿಗೆಯಲ್ಲಿ ಭಟ್ಟಿಯ ಕಚ್ಚಾ ದಾರಿಯ ಕೆಂಧೂಳು ಏರ್ ಫಿಲ್ಟರ್ ತುಂಬ ಕೂತಿರುತ್ತದೆ. ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪು ಎಲ್ಲೋ ಸೀಳಿದ್ದರೆ, ಅದರ ಕ್ಲಿಪ್ಪು ಸಡಿಲವಾಗಿದ್ದರೆ ಆ ಧೂಳು ಸೋಸದೆ ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ. ರಿಂಗು, ಲೈನರು ಬಹಳ ಬೇಗ ಸವೆಯುತ್ತವೆ. ಎಂಜಿನ್ ನಿಲ್ಲಿಸಿ, ಪೈಪು ಬಿಚ್ಚಿ, ಫಿಲ್ಟರ್ ದಾಟಿದ ಒಳಗಿನ ಗೋಡೆಯ ಮೇಲೆ ಬೆರಳು ಆಡಿಸಿ. ಬೆರಳಿಗೆ ಮಣ್ಣು ಅಂಟಿದರೆ ಕಾರಣ ಸಿಕ್ಕಿತು. ರಿಪೇರಿ ಮಾಡಿಸಿ, ಬದಲಿಸಿ, ಏನೇ ಮಾಡಿ, ಮೊದಲು ಆ ಪೈಪು ಬದಲಾಗಬೇಕು.

ಹೊಗೆಯ ಬಣ್ಣವೂ ಎಷ್ಟೋ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಇಲ್ಲವೇ ಗಾಳಿ ಕಡಿಮೆಯಾಗಿದೆ. ನೋಜಲ್, ಪಂಪು, ಟರ್ಬೊ, ಫಿಲ್ಟರ್ ನೋಡಿಸಿ; ಎಷ್ಟೋ ಗಾಡಿಗಳು ಅಷ್ಟರಲ್ಲೇ ಸರಿಹೋಗುತ್ತವೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ರಿಂಗು, ವಾಲ್ವ್ ಗೈಡ್ ಅಥವಾ ಟರ್ಬೊ ಸೀಲು ಹೋಗಿರಬಹುದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹಬೆ ಬರುತ್ತ, ರೇಡಿಯೇಟರಿನ ನೀರು ಇಳಿಯುತ್ತ, ಆಯಿಲ್ ಹಾಲು ಬೆರೆಸಿದ ಚಹಾದಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೋ ಹೆಡ್ ಬಿರುಕಿನ ಮೇಲೋ ಅನುಮಾನ ಪಡಬೇಕು.

ಬೆಳಗಾವಿಯ ಗಾಡಿಗಳಿಗೆ ಒಂದು ಅನುಕೂಲವಿದೆ: ಎಂಜಿನ್ ಪರೀಕ್ಷಿಸಲು ದಾರಿಯಲ್ಲೇ ಘಾಟ್ ಸಿಗುತ್ತದೆ. ನೆಹರು ನಗರದ ಕಡೆಯಿಂದ ಹೆದ್ದಾರಿ ಹಿಡಿದು ಧಾರವಾಡಕ್ಕೋ ಕೊಲ್ಹಾಪುರಕ್ಕೋ ಹೋಗಿಬಂದರೆ ಸವೆದ ಎಂಜಿನ್ನೂ ತನ್ನ ಸೊರಗು ಮುಚ್ಚಿಟ್ಟುಕೊಳ್ಳುತ್ತದೆ. ಗೋವಾದಿಂದ ಲೋಡು ತುಂಬಿ ಮೊಲ್ಲೆಂ ದಾಟಿ ಅನಮೋಡ ಘಾಟ್ ಹತ್ತುವಾಗ ಅದು ಆಗುವುದಿಲ್ಲ. ಮೇಲೆ ಬಂದ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಐಡಲಿನಲ್ಲಿ ಇರಲಿ. ಆಯಿಲ್ ಪ್ರೆಶರ್ ಮುಳ್ಳು ಎಲ್ಲಿಗೆ ಇಳಿದಿದೆ ನೋಡಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಲ್ಲಿ ತಳ ಸೇರಿದರೆ ಬೇರಿಂಗ್ ಅಥವಾ ಆಯಿಲ್ ಪಂಪ್ ಸವೆದಿರುವ ಸಾಧ್ಯತೆ ಹೆಚ್ಚು. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಬಾಯಿಯ ಮೇಲೆ ಬೋರಲಾಗಿ ಇಡಿ, ಬಿಸಿ ಆಯಿಲ್ ಸಿಡಿಯುತ್ತದೆ, ಮುಖ ದೂರವಿರಲಿ. ಮುಚ್ಚಳ ಸ್ವಲ್ಪ ಅಲುಗಿದರೆ ಗಾಬರಿ ಬೇಡ. ಹಾರಿ ಬೀಳುವಂತಿದ್ದರೆ ರಿಂಗು ದಾಟಿ ಗ್ಯಾಸು ಕೆಳಗಿಳಿಯುತ್ತಿದೆ, ಎಂಜಿನ್ ಬಿಚ್ಚಲೇಬೇಕು.

ಬಿಚ್ಚಿದ ಮೇಲೆ ಕಣ್ಣಂದಾಜಿನ ಮಾತು ಕೇಳಬೇಡಿ. ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪುಗಳ ಊರು ನಮ್ಮದು. ಬೋರ್ ಗೇಜ್, ಮೈಕ್ರೋಮೀಟರ್ ಹಿಡಿದು ಸರಿಯಾಗಿ ಅಳೆಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೆ ಮತ್ತು ಅಡ್ಡಕ್ಕೆ ಅಳೆಸಿ. ಮೇಲಿನ ರಿಂಗು ಮೇಲೇರಿ ಹಿಂದಿರುಗುವ ಜಾಗದಲ್ಲೇ ಸವಕಳಿ ಹೆಚ್ಚು. ಕ್ರ್ಯಾಂಕಿನ ಜರ್ನಲ್‌ಗಳನ್ನು 0.25 ಮಿಲಿಮೀಟರಿನ ಹೆಜ್ಜೆಯಲ್ಲಿ ಗ್ರೈಂಡ್ ಮಾಡಿ, ಅದಕ್ಕೆ ತಕ್ಕ ಬೇರಿಂಗ್ ಹಾಕುವುದು ರೂಢಿ. ಮೊದಲೇ ಎರಡು ಮೂರು ಸಲ ಗ್ರೈಂಡ್ ಆದ ಕ್ರ್ಯಾಂಕಿನಲ್ಲಿ ಮತ್ತೆ ತೆಗೆಯಲು ಜಾಗ ಉಳಿದಿರುವುದಿಲ್ಲ, ಗಟ್ಟಿ ಮಾಡಿದ ಮೇಲ್ಪದರವೂ ಹೋಗಿರಬಹುದು. ಟಾಟಾ ಗಾಡಿಗಳಲ್ಲಿ ಬಂದ ಕಮಿನ್ಸ್ 5.9 ಲೀಟರ್ ಎಂಜಿನ್‌ನ ಬೋರ್ 102 ಮಿಲಿಮೀಟರ್. ಅದರಲ್ಲಿ ಬೇರೆ ಲೈನರ್ ಇಲ್ಲ, ಪಿಸ್ಟನ್ ಬ್ಲಾಕಿನಲ್ಲೇ ಓಡುತ್ತದೆ. 0.5 ಇಲ್ಲವೇ 1 ಮಿಲಿಮೀಟರ್ ದೊಡ್ಡ ಪಿಸ್ಟನ್ನಿಗೆ ಬೋರ್ ಮಾಡಿಸಬಹುದು, ಅದನ್ನೂ ಮೀರಿದರೆ ಸ್ಲೀವ್ ಹಾಕಿಸಬೇಕು. ಹೆಡ್ಡನ್ನು ಪ್ರೆಶರ್ ಟೆಸ್ಟ್ ಮಾಡಿಸದೆ ಮತ್ತೆ ಕೂರಿಸಬೇಡಿ.

ಈ ಅಳತೆಗಳು ಕೈಗೆ ಬಂದರೆ ತೀರ್ಮಾನ ಅರ್ಧ ಆದಂತೆ. ಬ್ಲಾಕ್ ಗಟ್ಟಿಯಿದ್ದು ಕ್ರ್ಯಾಂಕಿನಲ್ಲಿ ಸೈಜು ಉಳಿದಿದ್ದರೆ ಫುಲ್ ಎಂಜಿನ್ ಕೆಲಸ ಮಾಡಿಸುವುದೇ ನನ್ನ ಮಾತು. ಟಾಟಾ 697ರಂಥ ಹಳೇ ಎಂಜಿನ್‌ಗಳ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ಕೈಪಳಗಿದ ಮಿಸ್ತ್ರಿಗಳೂ ಇದ್ದಾರೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಕೊನೆ ಸೈಜಿಗೆ ಬಂದಿದ್ದರೆ ಬದಲಿಸುವುದೇ ಸರಿ. ಆಗಲೂ ಹಳೆಯದನ್ನು ಕೊಟ್ಟು ಕಂಪನಿಯಿಂದಲೇ ವಾರಂಟಿಯೊಂದಿಗೆ ರೀಕಂಡೀಶನ್ ಎಂಜಿನ್ ಪಡೆಯುವ ವ್ಯವಸ್ಥೆಯನ್ನು, ಟಾಟಾದ ಪ್ರೊಲೈಫ್ ಇಂಥದ್ದು, ಮೊದಲು ವಿಚಾರಿಸಿ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಗುಜರಿ ಎಂಜಿನ್ ಅಗ್ಗ ನಿಜ. ಆದರೆ ಅದರ ಒಳಗೇನಿದೆ ಎಂಬುದು ಮತ್ತೆ ಬಿಚ್ಚಿದಾಗಲೇ ತಿಳಿಯುವುದು, ಅದು ಕದ್ದ ಮಾಲಾಗಿದ್ದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ.

ಕಾಗದಪತ್ರದ ವಿಷಯದಲ್ಲಿ ಸಡಿಲ ಬೇಡ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಬದಲಿಸಿದ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಏರಿಸಬೇಕು. ಇಲ್ಲದಿದ್ದರೆ ಫಿಟ್ನೆಸ್ಸಿನಲ್ಲೂ ಇನ್ಶೂರೆನ್ಸ್ ಕ್ಲೇಮಿನಲ್ಲೂ ಸಿಕ್ಕಿಬೀಳುತ್ತೀರಿ. ಹೆಚ್ಚು ಪವರಿನ ಬೇರೆ ಜಾತಿಯ ಎಂಜಿನ್ ಕೂರಿಸುವ ಆಸೆಗೆ ನಾನು ಬೇಡವೆಂದೇ ಹೇಳುತ್ತೇನೆ. ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್, ಡಿಫರೆನ್ಶಿಯಲ್ ಎಲ್ಲವೂ ಹಳೇ ಪವರಿಗೆ ಲೆಕ್ಕ ಹಾಕಿ ಕೂರಿಸಿದ್ದು. ಹೊಸ ಕಾಲದ ಎಂಜಿನ್ ಕೂರಿಸುವುದೂ ಸುಲಭವಲ್ಲ: ದೇಶದಾದ್ಯಂತ 2017ರ ಏಪ್ರಿಲ್‌ನಿಂದ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಜಾರಿಯಾಯಿತು. ಈ ಹೊಸ ಎಂಜಿನ್‌ಗಳು ಹೆಚ್ಚಾಗಿ ಇಸಿಎಂ (ಎಂಜಿನ್ನಿನ ಕಂಪ್ಯೂಟರ್), ಸೆನ್ಸರ್, ವೈರಿಂಗ್ ಇಲ್ಲದೆ ಓಡುವುದಿಲ್ಲ, ಬಿಎಸ್-6ಕ್ಕೆ ಹೊಗೆ ಶುದ್ಧೀಕರಿಸುವ ಸಾಮಾನೂ ಬೇಕು.

ಇನ್ನು ದುಡ್ಡು. ಮೈಲೇಜ್ ಲೀಟರಿಗೆ 4.5ರಿಂದ 4 ಕಿಲೋಮೀಟರಿಗೆ ಇಳಿದಿದೆ, ತಿಂಗಳಿಗೆ 4,000 ಕಿಲೋಮೀಟರ್ ಓಟ ಎಂದುಕೊಳ್ಳಿ. ಮೊದಲು 889 ಲೀಟರ್ ಸಾಕಾಗುತ್ತಿದ್ದದ್ದು ಈಗ 1,000 ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 10,000 ರೂಪಾಯಿ ಹೆಚ್ಚು ಖರ್ಚು. ಅದಕ್ಕೆ ಆಯಿಲ್ ಖರ್ಚು, ಗಾಡಿ ನಿಂತ ದಿನಗಳ ಬಾಡಿಗೆ ಸೇರಿಸಿ, ರಿಪೇರಿಯ ಕೊಟೇಶನ್ ಎಷ್ಟು ತಿಂಗಳಲ್ಲಿ ತೀರುತ್ತದೆ ನೋಡಿ. ಅಷ್ಟು ತಿಂಗಳು ಗಾಡಿಯ ಉಳಿದ ಭಾಗ ಬಾಳುತ್ತದೆಯೇ? ಚಾಸಿ ಬಿರುಕು ಬಿಟ್ಟಿದ್ದರೆ, ಖಾನಾಪುರದ ಮಳೆಗೆ ಕ್ಯಾಬಿನ್ ತುಕ್ಕು ಹಿಡಿದಿದ್ದರೆ, ಗೇರ್‌ಬಾಕ್ಸೂ ಕೂಗುತ್ತಿದ್ದರೆ ಎಷ್ಟು ಒಳ್ಳೆ ಎಂಜಿನ್ ಹಾಕಿದರೂ ದುಡ್ಡು ಮರಳುವುದಿಲ್ಲ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಫಿಟ್ನೆಸ್ ಆಗಬೇಕು, ಹದಿನೈದು ದಾಟಿದರೆ ಶುಲ್ಕವೂ ಏರುತ್ತದೆ. ಹಾಗಿದ್ದಾಗ ಗಾಡಿಯನ್ನೇ ಮಾರುವುದು ಲೇಸು.

ಕೆಲಸ ಒಪ್ಪಿಸುವಾಗ ಪ್ರತಿ ಸಿಲಿಂಡರಿನ ಅಳತೆ, ಕ್ರ್ಯಾಂಕಿನ ಸೈಜು, ಹಾಕಿದ ಪಿಸ್ಟನ್, ಬೇರಿಂಗುಗಳ ಬಿಲ್ಲು ಬರೆದುಕೊಡಲು ಹೇಳಿ. ಇಂಟರ್‌ಕೂಲರ್, ಆಯಿಲ್ ಕೂಲರ್ ಒಳಗೆ ಹಳೇ ಲೋಹದ ಚೂರು ಉಳಿಯದಂತೆ ತೊಳೆಸಿ. ಮೊದಲ ಕೆಲವು ಓಟಕ್ಕೆ ಓವರ್‌ಲೋಡು ಬೇಡ, ಮೊದಲ ಆಯಿಲನ್ನು ಬೇಗ ಬದಲಿಸಿ, ಇಳಿಸಿದ ಫಿಲ್ಟರನ್ನು ಕತ್ತರಿಸಿ ಒಳಗೆ ಚೂರು ಇದೆಯೇ ನೋಡಿ.