ಮೊದಲು ಒಲೆ ಆರಿಸಿ, ಆಮೇಲೆ ಸಿಲಿಂಡರ್ ಬದಲಿಸಿ

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹಳ್ಳಿಯ ಬಡವರ ಮನೆಗೂ ಅಡುಗೆ ಅನಿಲ ಬಂದಿತು. ಆದರೆ ಸೌದೆ ಒಲೆ ಇನ್ನೂ ಹೋಗಿಲ್ಲ. ಬಚ್ಚಲ ಹಂಡೆಯ ಕೆಳಗೆ ಬೆಂಕಿ, ದೇವರ ಮುಂದೆ ದೀಪ, ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ. ಇವುಗಳ ನಡುವೆಯೇ ಸಿಲಿಂಡರ್ ಬದಲಿಸುವುದು ಅಪಾಯ.

ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊಗೆಯಂತೆ ಮೇಲೇರಿ ಗವಾಕ್ಷಿಯಿಂದ ಹೋಗುವುದಿಲ್ಲ. ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಪಕ್ಕದ ಕೋಣೆಯ ಕೆಂಡದವರೆಗೂ ಹೋಗಬಲ್ಲದು. ಆದುದರಿಂದ ಮೊದಲು ಮನೆಯಲ್ಲಿನ ಬೆಂಕಿ, ದೀಪ, ಊದುಬತ್ತಿ ಎಲ್ಲವನ್ನೂ ಆರಿಸಿ. ಬೀಡಿಯೂ ಬೇಡ. ಬಾಗಿಲು, ಕಿಟಕಿ ತೆರೆದಿಡಿ.

ಈಗ ಸ್ಟೌವಿನ ತಿರುಪುಗಳನ್ನೂ ರೆಗ್ಯುಲೇಟರಿನ ಗುಂಡಿಯನ್ನೂ ಬಂದ್ ಮಾಡಿ. ರೆಗ್ಯುಲೇಟರಿನ ಕೆಳಗಿರುವ ಪ್ಲಾಸ್ಟಿಕ್ ಬಳೆಯನ್ನು ಮೇಲಕ್ಕೆತ್ತಿ ಹಿಡಿದರೆ ಅದು ಕಳಚಿ ಬರುತ್ತದೆ. ಖಾಲಿ ಸಿಲಿಂಡರಿನಲ್ಲೂ ಅನಿಲ ಉಳಿದಿರುತ್ತದೆ; ಕೂಡಲೇ ಮುಚ್ಚಳ ಹಾಕಿರಿ.

ಹೊಸ ಸಿಲಿಂಡರಿನ ಮುಚ್ಚಳವನ್ನು ದಾರ ಹಿಡಿದೆಳೆದು ತೆಗೆದ ಮೇಲೆ ವಾಲ್ವಿನೊಳಗೆ ಇಣುಕಿ ನೋಡಿ. ರಬ್ಬರ್ ವಾಷರ್ ಇರಲೇಬೇಕು. ಇಲ್ಲವಾದರೆ ಮುಚ್ಚಳ ಹಾಕಿ ಹಿಂದಿರುಗಿಸಿ. ಇದನ್ನು ಸಿಲಿಂಡರ್ ತಂದವರ ಎದುರಿಗೇ ನೋಡಿಕೊಂಡರೆ ಮತ್ತೆ ಪೇಟೆಗೆ ಅಲೆಯುವುದು ತಪ್ಪುತ್ತದೆ. ಬಳೆಯನ್ನು ಎತ್ತಿ ಹಿಡಿದು, ರೆಗ್ಯುಲೇಟರನ್ನು ನೇರವಾಗಿ ವಾಲ್ವಿನ ಮೇಲೆ ಕೂರಿಸಿ, ತುಸು ತಿರುಗಿಸುತ್ತ ಒತ್ತಿ, ಬಳೆಯನ್ನು ಕೆಳಕ್ಕೆ ಬಿಡಿ. ‘ಟಕ್’ ಎಂದರೆ ಕೂತಿತೆಂದು ಅರ್ಥ.

ಸೋರಿಕೆ ನೋಡಲು ಕಡ್ಡಿ ಗೀರುವವರು ಇಂದಿಗೂ ಇದ್ದಾರೆ. ಇದಕ್ಕಿಂತ ಹುಚ್ಚು ಸಾಹಸವಿಲ್ಲ. ರೆಗ್ಯುಲೇಟರ್ ತೆರೆದು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ.

ಸಿಲಿಂಡರ್ ಸದಾ ನೆಟ್ಟಗೆ, ಸ್ಟೌವಿಗಿಂತ ಕೆಳಗಿರಲಿ. ಕೊನೆಯ ಅನಿಲ ಉರಿಸಲೆಂದು ಅದನ್ನು ಮಲಗಿಸಬಾರದು. ಹಾಗೆ ಮಾಡಿದರೆ ಒಳಗಿನ ದ್ರವವೇ ಕೊಳವೆಗೆ ಬರಬಹುದು. ಕಾಳಿನ ಚೀಲಗಳಿರುವ ಮನೆಯಲ್ಲಿ ಇಲಿ ತಪ್ಪಿದ್ದಲ್ಲ. ಹಲ್ಲಿನ ಗುರುತು, ಬಿರುಕು ಕಂಡರೆ ಕೊಳವೆ ಬದಲಿಸಿ. ತಂತಿ ಒಳಗಿರುವ ಸುರಕ್ಷಾ ಕೊಳವೆಯನ್ನೂ 5 ವರ್ಷಕ್ಕೆ ಬದಲಿಸಬೇಕು.

ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡ, ಆರಿಸಲೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಮನೆಯವರನ್ನೆಲ್ಲ ಹೊರಗೆ ಕಳಿಸಿ. ಅಂಗಳದಾಚೆ ಹೋಗಿ 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉತ್ತರಿಸುತ್ತಾರೆ.